ಶನಿವಾರದ ಉಂಗುರ

ಬಾಸ್ಕ್ ಕರಾವಳಿಯ ಆ ಬಂದರಿನ ಬಲೆ ಹೊಲಿಯುವ ಹೆಂಗಸರಲ್ಲಿ ಹೊಶೆಪಳಷ್ಟು ಬಾಯಿ ಜೋರಿನವಳು ಇನ್ನೊಬ್ಬಳಿರಲಿಲ್ಲ. ಎಂಬತ್ತೆರಡಾದರೂ ಬೆಳಿಗ್ಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಳೆಂದರೆ ದೋಣಿಯವರಿಂದ ಹಿಡಿದು ಪಾದ್ರಿಯವರೆಗೆ ಯಾರನ್ನೂ ಬಿಡುತ್ತಿರಲಿಲ್ಲ. ಪಕ್ಕದಲ್ಲೇ ಮಿಲಿಯಾ. ಅರವತ್ತು ವರ್ಷದಿಂದ ಒಂದೇ ಬಲೆಯ ಆ ತುದಿ ಅವಳದು, ಈ ತುದಿ ಇವಳದು. ಮಿಲಿಯಾಳದು ಮಾತು ಕಡಿಮೆ. ಹಾಡಂತೂ ಇಲ್ಲವೇ ಇಲ್ಲ.

ಹಾಡೆಲ್ಲ ಹೊಶೆಪಳದು. ಭೂಮಿಯನ್ನೇ ಸುತ್ತಿಬಂದ ನಮ್ಮ ಬಾಸ್ಕ್ ನಾವಿಕನ ತಾಯಿ ದಡದಲ್ಲಿ ನಿಂತು ಅಲೆ ಅಲೆಗೂ ಮಗನ ಸುದ್ದಿ ಕೇಳುವ ಹಾಡೊಂದಿತ್ತು. ಮದುವೆಯಾಗಲಿ, ಸೇಬಿನ ಮದ್ಯದ ಪೀಪಾಯಿ ತೆರೆಯುವ ದಿನವಾಗಲಿ, ಅದನ್ನು ಅವಳೇ ಹಾಡಬೇಕು. "ನಮ್ಮಜ್ಜಿ ಹೇಳಿಕೊಟ್ಟಿದ್ದು" ಎಂದು ಬೀಗುತ್ತಿದ್ದಳು. ಆ ಯಾನದ ಐನೂರನೇ ವರ್ಷಕ್ಕೆಂದು ಹಳೇ ವಾದ್ಯಗಳ ತಂಡವೊಂದು ಬಂದಾಗ ಊರೆಲ್ಲ ಅವಳನ್ನೇ ತೋರಿಸಿತು.

ತಂಡದ ನಹಿಯಾ, ಮೊಣಕಾಲ ನಡುವೆ ಇಟ್ಟು ನುಡಿಸುವ ಹಳೇ ಕಾಲದ ಪಿಟೀಲಿನ ಹುಡುಗಿ, ಮೂರು ಸಲ ಹಾಡಿಸಿಕೊಂಡಳು.

"ಅಜ್ಜಿ, ಇದು ಇಲ್ಲಿಗೇ ಮುಗಿಯುತ್ತಾ? ರಾಗ ಇನ್ನೂ ಮನೆ ಸೇರಿಲ್ಲ ಅನ್ಸುತ್ತೆ."

ಮಿಲಿಯಾ ತಲೆ ಎತ್ತಲಿಲ್ಲ. ಅವಳ ಸೂಜಿ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಓಡಿತು.

"ಇಷ್ಟೇ ಕಣಮ್ಮಾ," ಎಂದಳು ಹೊಶೆಪ.

ಇಷ್ಟೇ ಅಲ್ಲವೆಂದು ಅವಳಿಗೆ ಗೊತ್ತಿತ್ತು. ಅಜ್ಜಿ ಹೇಳಿಕೊಟ್ಟದ್ದೂ ಸುಳ್ಳು. ಅದನ್ನು ಕಲಿತಾಗ ಅವಳಿಗೂ ಮಿಲಿಯಾಗೂ ಒಂಬತ್ತು ವರ್ಷ. ಶಾಲೆಯಲ್ಲಿ ಸರ್ಕಾರದ ಭಾಷೆ ಬಿಟ್ಟು ಮನೆಮಾತಾದ ಬಾಸ್ಕ್ ಆಡಿದ ಮಗುವಿನ ಬೆರಳಿಗೆ ಮೇಷ್ಟ್ರು ತಗಡಿನ ಉಂಗುರ ತೊಡಿಸುತ್ತಿದ್ದರು. ಆ ಮಗು ಇನ್ನೊಬ್ಬರನ್ನು ಹಿಡಿದುಕೊಟ್ಟರೆ ಉಂಗುರ ಅವರಿಗೆ. ಶನಿವಾರ ಶಾಲೆ ಬಿಡುವಾಗ ಅದು ಯಾರ ಬೆರಳಲ್ಲಿತ್ತೋ ಅವರಿಗೆ ಏಟು. ಒಂದು ಶನಿವಾರ ಅದು ಹೊಶೆಪಳ ಬೆರಳಲ್ಲಿತ್ತು. ಕೈಯನ್ನು ಬೆನ್ನ ಹಿಂದೆ ಅಡಗಿಸಿ, "ನಿಮ್ಮಮ್ಮ ನಾವಿಕನ ಹಾಡು ಹಾಡ್ತಾರಂತಲ್ಲ, ಒಂದ್ಸಲ ಹಾಡೇ," ಎಂದಳು. ಮಿಲಿಯಾಗೆ ಹಾಡೆಂದರೆ ಪ್ರಾಣ. ಗೋಡೆಗೊರಗಿ, ಕಣ್ಣು ಮುಚ್ಚಿ, ಮನೆಮಾತಿನಲ್ಲೇ ಶುರುಮಾಡಿದಳು. ಹೊಶೆಪ ಮೇಷ್ಟ್ರಿಗೆ ಕೈಸನ್ನೆ ಮಾಡಿದಳು. ಮೂರನೇ ನುಡಿ ಮುಗಿಯುವಾಗ ಅವರ ಕೈ ಮಿಲಿಯಾಳ ಹೆಗಲ ಮೇಲೆ ಬಿತ್ತು. ಹೊಶೆಪ ಆ ಹಾಡು ಕೇಳಿದ್ದು ಅದೊಂದೇ ಸಲ, ಅದೂ ಮೂರೇ ನುಡಿ.

ನಹಿಯಾ ಹೋದ ಮೇಲೆ ಹೊಶೆಪ ಬಲೆಯನ್ನೇ ನೋಡುತ್ತ, "ಮಿಲಿಯಾ, ಆ ಶನಿವಾರ..." ಎಂದಳು.

"ಏಟು ಆವತ್ತೇ ಮರೆತೆ ಕಣೇ. ನೀನು ಒಂಬತ್ತು ವರ್ಷದ ಮಗು, ಹೆದರಿಕೊಂಡೆ, ಬಿಡು. ಆದ್ರೆ ನಮ್ಮಮ್ಮನ ಹಾಡನ್ನ ನಿಮ್ಮಜ್ಜಿದು ಅಂತ ಊರೆಲ್ಲ ಸಾರಿಕೊಂಡು ಬಂದೆಯಲ್ಲ, ಆಗೇನು ನೀನು ಮಗುವಾ?"

ಹೊಶೆಪಳಿಗೆ ಕೂತ ನೆಲ ಬಾಯ್ಬಿಡಬಾರದೇ ಎನಿಸಿತು. ಹಾಕಿದ ಗಂಟನ್ನೇ ಬಿಚ್ಚಿ ಮತ್ತೆ ಹಾಕಿದಳು.

ಭಾನುವಾರ ತಂಡದ ಕಛೇರಿಗೆ ಚರ್ಚು ಕಿಕ್ಕಿರಿದಿತ್ತು. ಹಂಚಿದ ಕರಪತ್ರದಲ್ಲಿ "ಹೊಶೆಪಳ ಅಜ್ಜಿಯ ಹಾಡು" ಎಂದು ಅಚ್ಚಾಗಿತ್ತು. ಕೊಳಲು, ತಮಟೆ, ಪಿಟೀಲು ಶುರುವಾದವು. ಎದುರಿಗೆ ನಿಂತ ಹೊಶೆಪ ಹಾಡಲಿಲ್ಲ.

"ಇದು ನಮ್ಮಜ್ಜಿದಲ್ಲ," ಎಂದಳು. "ಮಿಲಿಯಾಳ ಅಮ್ಮಂದು. ಇವಳನ್ನ ಮೇಷ್ಟ್ರಿಗೆ ಹಿಡಿದುಕೊಟ್ಟು ಕಲಿತೆ. ಪೂರ್ತಿ ಬರೋದೂ ಇಲ್ಲ ನಂಗೆ."

ಅವಳ ಗಂಡನ ತಮ್ಮ ತಲೆ ತಗ್ಗಿಸಿದ. ನಹಿಯಾ ಏನೂ ತೋಚದೆ ಮೂರನೇ ನುಡಿಯ ರಾಗವನ್ನೇ ಮತ್ತೆ ಮತ್ತೆ ನುಡಿಸಿದಳು. ಮಿಲಿಯಾ ಎದ್ದೇಳಲಿಲ್ಲ, ಇವಳತ್ತ ನೋಡಲೂ ಇಲ್ಲ. ಕೂತಲ್ಲಿಂದಲೇ, ತುಕ್ಕು ಹಿಡಿದ ದನಿಯಲ್ಲಿ, ಮೇಷ್ಟ್ರ ಕೈ ಬಿದ್ದ ಜಾಗದಿಂದ ಹಾಡಿದಳು. ನಾಲ್ಕನೇ ನುಡಿಯಲ್ಲಿ ಹಡಗು ಕಾಣಿಸಿತು. ಐದನೆಯದರಲ್ಲಿ ಮಗ ಮನೆಗೆ ಬಂದ.

ಹೊಶೆಪ ಎಲ್ಲರೆದುರು ನಿಂತೇ ಇದ್ದಳು. ಎಪ್ಪತ್ತು ವರ್ಷ ಆ ತಾಯಿಯನ್ನು ದಡದಲ್ಲೇ ಕಾಯಿಸಿದವಳು ತಾನೆಂದು ಅವಳಿಗೆ ಆಗಲೇ ಗೊತ್ತಾದದ್ದು. ಅವಳ ಎರಡು ಕೈಗಳೂ ತಾವಾಗಿಯೇ ಬೆನ್ನ ಹಿಂದೆ ಹೋಗಿದ್ದವು.