ಫೋಮಿನ ಮೇಲೆ ಬಿದ್ದ ಚೀಲ

ಅಫಜಲಪುರದ ಬಸ್ಸಿನಲ್ಲಿ ನನ್ನ ಫೋಮಿನ ಹಲಗೆಗೆ ಏನಾಗಿರಬಹುದು, ಊಹಿಸಿ ನೋಡೋಣ. ಶಾಖ ತಡೆಯಲು ಬಳಸುವ ಫೀನಾಲಿಕ್ ಫೋಮು ಬೆಂಕಿಗೆ ಜಗ್ಗುವುದಿಲ್ಲ, ಆದರೆ ಮುಟ್ಟಿದರೆ ಟೋಸ್ಟಿನಂತೆ ಪುಡಿಯಾಗುತ್ತದೆ. ನಿವೃತ್ತನಾದ ಮೇಲೆ ಪುಂಡಿ ಗಿಡದ ನಾರು ಬೆರೆಸಿ ಅದನ್ನು ಗಟ್ಟಿ ಮಾಡಲು ಹೊರಟಿದ್ದೆ. ಒಡೆಯದೆ ಉಳಿದದ್ದು ಇದೊಂದೇ ಹಲಗೆ. ಕಾಲೇಜಿನ ಪರೀಕ್ಷಾ ಯಂತ್ರಕ್ಕೆ ಒಯ್ಯುತ್ತ, ಕಿಟಕಿಯ ಸೀಟಿನ ಮೇಲೆ ಇಟ್ಟುಕೊಂಡಿದ್ದೆ. ಹೊರಗಿನಿಂದ ಚೀಲವೊಂದು ಧಪ್ಪನೆ ಅದರ ಮೇಲೆ ಬಿತ್ತು.

"ಸೀಟ್ ಹಿಡದೀನ್ರಿ ಕಾಕಾ," ಎಂದಳು ಕಿಟಕಿಯಾಚೆಯ ಹೆಂಗಸು.

"ಚೀಲದಾಗ ಏನದವ್ವಾ?"

"ಖಾರ ಅರಿಯೋ ಗುಂಡಕಲ್ಲರಿ. ಒಡೆಯಂಗಿಲ್ಲ, ಅಂಜಬ್ಯಾಡ್ರಿ."

ಚೀಲ ಎತ್ತಿ ಹಲಗೆ ನೋಡಿದೆ. ಉಗುರಿನಷ್ಟು ತಗ್ಗು, ಒಂದೂ ಬಿರುಕಿಲ್ಲ. ಆಕೆಯನ್ನು ರಾಣಿಯಂತೆ ಕಿಟಕಿಯ ಪಕ್ಕ ಕೂರಿಸಿದೆ. ಯಂತ್ರವೂ ಆಮೇಲೆ ಪಾಸು ಮಾಡಿತೆನ್ನಿ, ಆದರೆ ನನ್ನ ಪ್ರಕಾರ ನಿಜವಾದ ಪರೀಕ್ಷೆ ನಡೆದದ್ದು ಆ ಬಸ್ಸಿನಲ್ಲೇ, ಎಳ್ಳಮಾವಾಸ್ಯೆಯ ಮರುದಿನ, ಮಂಗಳವಾರ.