ಗಂಟು ಹಾಕಿದ ರಜಾಯಿ

ನಮ್ಮ ಅತ್ತೆ ಧಾರವಾಡದ ಕಡೆಯವರು. ರಾಜಧಾನಿಯ ಸರೋಜಿನಿ ನಗರದ ನಮ್ಮ ಸರ್ಕಾರಿ ಕ್ವಾರ್ಟರ್ಸಿಗೆ ಬಂದ ಮೇಲೂ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಒತ್ತೊತ್ತಾಗಿ ದಾರ ಎಳೆದು ಕೌದಿ ಹೊಲಿಯುತ್ತಿದ್ದರು. ಆಮೇಲೆ ಕಣ್ಣು ಮಂಜಾಯಿತು. ಇದಕ್ಕಿಂತ ಹೆಚ್ಚು ಸರಿಹೋಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದರು.

ಅಷ್ಟರಲ್ಲಿ ನನ್ನ ಮಗಳು ಹೌಜ್ ಖಾಸ್‌ನ ಹಾಸ್ಟೆಲ್ ಸೇರಿದ್ದಳು. ಅವಳು ದೀಪಾವಳಿ ರಜೆ ಮುಗಿಸಿ ಹೊರಡುವಾಗ ಚಳಿಗಾಲಕ್ಕೆ ತಮ್ಮ ಕೈಯಾರೆ ಹೊಲಿದದ್ದನ್ನೇ ಕಳಿಸಬೇಕೆಂದು ಅತ್ತೆಗೆ ಹಟ. ಕೌದಿ ಹಿಡಿದು ಕೂತರು. ಹೊಲಿಗೆ ಎತ್ತೆತ್ತಲೋ ಹೋಯಿತು, ಬೆರಳಿಗೆಲ್ಲ ಸೂಜಿ ಚುಚ್ಚಿತು.

"ಇನ್ನ ಈ ಕೈಯಿಂದ ಏನಾಗ್ತದವಾ," ಎಂದು ಬಟ್ಟೆ ಪಕ್ಕಕ್ಕೆ ಸರಿಸಿದರು.

ಹೊಲಿಗೆ ಬೇಡ, ಹತ್ತಿ ತುಂಬಿದ ರಜಾಯಿ ಮಾಡಿ ಅಲ್ಲಲ್ಲಿ ಗಂಟು ಹಾಕೋಣ ಎಂದೆ. ಅತ್ತೆ ಮೂಗು ಮುರಿದರು. "ಅದೇನು ಜ್ವಾಳದ ಚೀಲ ಅಂತ ತಿಳದಿ ಏನು?"

ಆದರೂ ಬಿಡಲಿಲ್ಲ. ಹತ್ತಿ ಹಿಂಜುವ ಭಯ್ಯಾನಿಂದ ಹಗುರಾದ ಹತ್ತಿ ತಂದೆ. ಎರಡು ಮೆತ್ತನೆಯ ಸೀರೆಗಳ ನಡುವೆ ಅದನ್ನು ಹರಡಿ ಅಂಚುಗಳನ್ನು ಮಷೀನಿನಲ್ಲಿ ಹೊಲಿದುಕೊಟ್ಟೆ. ಇನ್ನು ದಬ್ಬಣವನ್ನು ಕೆಳಗಿಳಿಸಿ, ಪಕ್ಕದಲ್ಲೇ ಮೇಲೆತ್ತಿ, ದಾರದ ಎರಡು ತುದಿ ಸೇರಿಸಿ ಗಂಟು ಹಾಕಿದರಾಯಿತು. ಚೆಂದ ಕಾಣಲಿ ಎಂದು ಅತ್ತೆ ಮೊದಲು ರೇಷ್ಮೆ ದಾರ ಆರಿಸಿದರು. ಅದು ನುಣುಪು, ಗಂಟುಗಳೆಲ್ಲ ಜಾರಿ ಬಿಚ್ಚಿಕೊಂಡವು. ಬೈದುಕೊಳ್ಳುತ್ತಲೇ ದಪ್ಪ ಹತ್ತಿಯ ದಾರಕ್ಕೆ ಬಂದರು. ಅದು ಮಾತು ಕೇಳಿತು. ಹತ್ತಿರ ಹತ್ತಿರ ಕಟ್ಟಿದರೆ ಹತ್ತಿ ಅಮುಕಿಹೋಗಿ ಬೆಚ್ಚಗಿರುವುದಿಲ್ಲ, ದೂರ ಬಿಟ್ಟರೆ ಮುದ್ದೆಗಟ್ಟುತ್ತದೆ. ಅತ್ತೆ ಗೇಣು ಹಾಕಿ ಅಳೆದು, ಬೆರಳಿನಲ್ಲೇ ತಡವಿ ಜಾಗ ಹಿಡಿಯುತ್ತಿದ್ದರು. ಕಣ್ಣಿನ ಹಂಗೇ ಬೇಕಾಗಲಿಲ್ಲ.

ಮಗಳು ಹೊರಡುವ ದಿನ ಬೆಳಿಗ್ಗೆ ಬಾಲ್ಕನಿಯ ಬಿಸಿಲಿನಲ್ಲಿ ಕೊನೆಯ ಗಂಟೂ ಬಿತ್ತು. ಹಬ್ಬಕ್ಕೆ ಕೊಂಡ ಹೊಸ ಇಳಕಲ್ ಸೀರೆ ಉಟ್ಟಿದ್ದರು ಅತ್ತೆ. ಗತ್ತಿನಿಂದ ಎದ್ದು ನಿಂತರು. ಮಡಿಲಿನಲ್ಲಿದ್ದ ರಜಾಯಿ ಕೆಳಗೆ ಬೀಳಲಿಲ್ಲ, ಅವರ ಜೊತೆಗೇ ಎದ್ದಿತು. ಅಡಿಯಲ್ಲಿ ಸಿಕ್ಕಿಕೊಂಡಿದ್ದ ಸೆರಗಿನ ತುದಿಯನ್ನೂ ಸೇರಿಸಿ ಗಂಟು ಹಾಕಿಬಿಟ್ಟಿದ್ದರು.

ಮಗಳು ಕಿಸಕ್ಕನೆ ನಕ್ಕವಳು ಅಜ್ಜಿಯ ಮುಖ ನೋಡಿ ಸುಮ್ಮನಾದಳು. ಆ ಮುಖ ಅಷ್ಟು ಸಣ್ಣದಾಗಿತ್ತು. ನನಗೆ ಅಳುವೇ ಬಂತು. ಇನ್ನು ಇವರು ಸೂಜಿ ಮುಟ್ಟುವುದಿಲ್ಲ ಎಂದುಕೊಂಡೆ.

ಮಗಳು ಕತ್ತರಿ ತಂದಳು. "ಟೆನ್ಶನ್ ಮತ್ ಲೋ ಅಜ್ಜಿ, ಚಿಂತೆ ಬಿಡು. ಗಂಟು ಕಟ್ ಮಾಡಿ ಮತ್ತೆ ಹಾಕಿದ್ರಾಯ್ತು."

ಅತ್ತೆ ಆ ಗಂಟನ್ನು ತಡವಿ ಹುಡುಕಿ, ಸೆರಗು ಹಿಡಿದು ಜಗ್ಗಿದರು. ಇನ್ನೊಮ್ಮೆ ಬಲವಾಗಿ ಜಗ್ಗಿದರು. ಗಂಟು ಅಲ್ಲಾಡಲಿಲ್ಲ. ಅವರ ಮುಖ ನಿಧಾನವಾಗಿ ಅರಳಿತು.

"ಗಂಟಿಗೆ ಕತ್ತರಿ ಹಚ್ಚಬ್ಯಾಡ," ಎಂದರು. "ಸೆರಗು ಕತ್ತರಿಸು."