ಎಲಿಪಾಡಿಗೆ ಒಂದು ಟಿಕೆಟ್

ಮೊನ್ನೆ ಬೈಂದೂರಿನ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸಿನ ಚೀಲದಿಂದ ಒಣ ಸಿಗಡಿಯ ವಾಸನೆ ಬಂತು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳಲಿ, ನನಗೆ ಮಾತ್ರ ಆ ವಾಸನೆಗೆ ಸ್ಕೂಟರ್ ನೆನಪಾಗುತ್ತದೆ. ಅದು ಹೇಗೆಂದು ಹೇಳುತ್ತೇನೆ, ಕೇಳಿ.

ನಾನು ಟೀಚರಾಗಿದ್ದ ಊರಿಗೆ ಯಾರೋ ದೊಡ್ಡವರು ಹೆಲಿಕಾಪ್ಟರಿನಲ್ಲಿ ಬರುವವರಿದ್ದರು. ಅದಕ್ಕೆಂದೇ ಶಾಲೆಯ ಹಿಂದಿನ ಗುಡ್ಡೆಯನ್ನು ಸಪಾಟು ಮಾಡಿ ನಡುವೆ ದುಂಡಗೆ ಸಿಮೆಂಟು ಹಾಕಿದರು. ಹೆಲಿಕಾಪ್ಟರ್ ಬಂತು, ಧೂಳೆಬ್ಬಿಸಿತು, ಹೋಯಿತು. ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಹೆಲಿಪ್ಯಾಡ್ ಎಂಬ ಹೆಸರು ಮಾತ್ರ ಊರವರ ಬಾಯಲ್ಲಿ 'ಎಲಿಪಾಡಿ'ಯಾಗಿ ಉಳಿಯಿತು. ಪಾಡಿ ಎಂದು ಮುಗಿಯುವ ಊರುಗಳಿಗೆ ನಮ್ಮಲ್ಲೇನು ಬರವೇ? ಇದೂ ಒಂದು ಸೇರಿತು. ನಾನು ಸಿಕ್ಕಿದವರನ್ನೆಲ್ಲ ತಿದ್ದಿದೆ. ಒಬ್ಬರೂ ತಿದ್ದಿಕೊಳ್ಳಲಿಲ್ಲ.

ಆ ಸಿಮೆಂಟಿನ ಮೇಲೆ ಒಣಮೀನು ಮಾರುವ ಗಿರಿಜಕ್ಕ ಸಿಗಡಿ ಒಣಗಿಸಲು ಶುರು ಮಾಡಿದಳು. ಕಡಲ ದಂಡೆಯಲ್ಲಾದರೆ ಮರಳು ಹಿಡಿಯುತ್ತದೆ. ಇಲ್ಲಿ ಅದರ ಕಾಟವಿಲ್ಲ. ನಲವತ್ತು ದಾಟಿದ ಮೇಲೆ ನಾನು ಸ್ಕೂಟರ್ ಕಲಿತದ್ದೂ ಅಲ್ಲೇ. ರಸ್ತೆಯಲ್ಲಾದರೆ ನಿಂತು ನೋಡಿ ನಗುವವರೇ ಹೆಚ್ಚು. ಒಂದು ದಿನ ಬ್ರೇಕ್ ಹಿಡಿಯಲು ಮರೆತು ಸೀದಾ ಸಿಗಡಿಯ ಮೇಲೇ ಹೋಗಿ ಬಿದ್ದೆ. ಬೈಗುಳಕ್ಕೆ ಕಾದು ಕುಳಿತೆ.

“ಪೆಟ್ಟ್ ಆಯ್ಲಿಲ್ಲ ಅಲ್ದಾ ಟೀಚರ್ರೇ? ಏಳಿ, ಇನ್ನೊಂದ್ ಸುತ್ತ್ ಹೊಡೀರಿ. ಚಟ್ಲಿ ನಾನ್ ಹೆಕ್ಕತ್ತೆ,” ಎಂದಳು ಗಿರಿಜಕ್ಕ. ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತಾರೆ.

ಕೆಲವು ವರ್ಷಗಳ ಮೇಲೆ ಅಳತೆಯವರು ಬಂದು ಗೂಟ ನೆಟ್ಟರು. ವಿಮಾನ ಇಳಿಯುವ ಜಾಗವಾಗುತ್ತದಂತೆ. ಊರು ಬಿಟ್ಟು ಹೋಗಿ ಮುಂಬೈಯಲ್ಲಿ ಹೋಟೆಲ್ ಇಟ್ಟವರಿಗೆಲ್ಲ ಖುಷಿ. ಗಿರಿಜಕ್ಕನಿಗೆ ಊಟ ಸೇರಲಿಲ್ಲ. “ಇದ್ ಹೋದ್ರೆ ನಾನ್ ಚಟ್ಲಿ ಎಲ್ಲ್ ಹರಗಿ ಒಣಗ್ಸುದ್?” ಎಂದು ನನ್ನನ್ನು ಕೇಳಿದಳು.

ಅಳತೆಯವರಲ್ಲೊಬ್ಬರು ಜಾಗದ ಹೆಸರು ವಿಚಾರಿಸಿದರು.

“ಎಲಿಪಾಡಿ,” ಎಂದಳು ಗಿರಿಜಕ್ಕ.

“ಹಳೇ ಹೆಸರಾ?”

“ಮತ್ತೆಂತ? ನಮ್ ಅಜ್ಜಿ ಕಾಲದ್ದ್.”

ಪಕ್ಕದಲ್ಲಿ ನಿಂತಿದ್ದ ನಾನು, ತಿದ್ದುವುದೇ ಕಸುಬಾದವಳು, ತುಟಿ ಬಿಚ್ಚಲಿಲ್ಲ. ಬಿದ್ದವಳಿಗೆ ಇನ್ನೊಂದು ಸುತ್ತು ಕೊಟ್ಟ ಜಾಗ ಅದು. ಆ ಉಪಕಾರ ನಾನು ಮರೆತಿಲ್ಲ.

ಆ ಗೂಟಗಳೀಗ ವಾಲಿವೆ. ವಿಮಾನ ಬರುತ್ತದೆ ಎನ್ನುವವರೂ ಇದ್ದಾರೆ, ಬರುವುದಿಲ್ಲ ಎನ್ನುವವರೂ ಇದ್ದಾರೆ. ಗಿರಿಜಕ್ಕ ಸದ್ಯಕ್ಕೆ ಸಿಗಡಿ ಒಣಗಿಸುತ್ತಿದ್ದಾಳೆ. ಮೊನ್ನೆ ಹೊರಟದ್ದೂ ಅವಳನ್ನು ನೋಡಲಿಕ್ಕೇ.

“ಎಲ್ಲಿಗ್ ಟೀಚರ್ರೇ?” ಎಂದ ಕಂಡಕ್ಟರ್.

“ಒಂದ್ ಎಲಿಪಾಡಿ.”

ಪಕ್ಕದ ಹೆಂಗಸು ಈ ಕಡೆಗೆ ಹೊಸಬಳಿರಬೇಕು. “ಎಲಿಪಾಡಿಯಾ? ಅದೆಂತ ಹೆಸ್ರ್?” ಎಂದು ನಕ್ಕಳು.

“ಹಳೇದ್,” ಎಂದೆ. “ಅಜ್ಜಿ ಕಾಲದ್ದ್.”